ಅಪ್ಪನ ಶ್ವಾಸಕೋಶದ ಗಡ್ಡೆ: ಆಪರೇಷನ್ನೋ, ರೇಡಿಯೇಷನ್ನೋ?

ಸಕಲೇಶಪುರದ ಮಗ: ಅಪ್ಪನಿಗೆ 68. ನಲವತ್ತು ವರ್ಷ ಬೀಡಿ ಸೇದಿದವರು, ಹತ್ತು ವರ್ಷದಿಂದ ಸಿಒಪಿಡಿ (ಉಸಿರಿನ ದಾರಿ ಕಿರಿದಾಗೋ ದೀರ್ಘ ಕಾಯಿಲೆ). ಕೆಮ್ಮು ಜಾಸ್ತಿಯಾಯ್ತು ಅಂತ ಸಿಟಿ ಮಾಡಿಸಿದರೆ ಬಲಗಡೆ ಮೇಲಿನ ಹಾಲೆಯಲ್ಲಿ 1.8 ಸೆಂ.ಮೀ. ಗಡ್ಡೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು, ಪೆಟ್ ಸ್ಕ್ಯಾನ್ ಪ್ರಕಾರ ಬೇರೆಲ್ಲೂ ಹರಡಿಲ್ಲ. ಎಫ್‌ಇವಿ1 (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರೋ ಗಾಳಿ) ಇರಬೇಕಾದ್ದರ ಶೇ. 42. ಒಬ್ಬ ಡಾಕ್ಟರು ಆಪರೇಷನ್ ಅಂತಾರೆ, ಇನ್ನೊಬ್ಬರು "ಈ ಉಸಿರಲ್ಲಿ ಬೇಡ, ಎಸ್‌ಬಿಆರ್‌ಟಿ ಕೊಡೋಣ" ಅಂತಾರೆ, ಅಂದರೆ ಗಡ್ಡೆಗಷ್ಟೇ ಗುರಿಯಿಟ್ಟು ಕೆಲವೇ ಸಲ ಕೊಡೋ ಜೋರಾದ ರೇಡಿಯೇಷನ್. ದೊಡ್ಡಪ್ಪ "ಕತ್ತಿ ಮುಟ್ಟಿದ್ರೆ ಹರಡುತ್ತೆ" ಅಂತ ಪಟ್ಟು ಹಿಡಿದು ಕೂತಿದ್ದಾರೆ. ಗೊತ್ತಿದ್ದವರು ಹೇಳಿ.

ಗಾಂಧಿಬಜಾರ್: ದೇಹ ತಡೆದುಕೊಳ್ಳುವ ಹಾಗಿದ್ದರೆ ಆಪರೇಷನ್ನೇ. ಕತ್ತಿ ಮುಟ್ಟಿದ್ದಕ್ಕಲ್ಲ, ತಡ ಮಾಡಿದ್ದಕ್ಕೆ ಹರಡುತ್ತೆ ಅಂತ ದೊಡ್ಡಪ್ಪನಿಗೆ ಹೇಳಿ. 2 ಸೆಂ.ಮೀ. ಒಳಗಿನ ಗಡ್ಡೆಗೆ ಇಡೀ ಹಾಲೆ ತೆಗೆಯಲೇಬೇಕಿಲ್ಲ, ಒಂದು ಭಾಗ ತೆಗೆದರೂ ಆಯಸ್ಸೇನೂ ಕಮ್ಮಿಯಾಗಲ್ಲ ಅಂತ ಜಪಾನಿನ ಅಧ್ಯಯನ (2022), ಅಮೆರಿಕದ್ದು (2023) ಎರಡೂ ಹೇಳಿವೆ. ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದು ಪರೀಕ್ಷೆಗೆ ಕಳಿಸಬಹುದು. ರೇಡಿಯೇಷನ್‌ನಲ್ಲಿ ಅದೆಲ್ಲಿ?

ಧಾರವಾಡದಾಂವ: ಅಲ್ರೀ, ಆ ಎರಡೂ ಅಧ್ಯಯನದಾಗ ತಗೊಂಡಿದ್ದು ಇಡೀ ಹಾಲೆ ತೆಗದ್ರೂ ತಡಕೊಳ್ಳೋ ಮಂದಿನ್ನ. ಇವರ ಅಪ್ಪಾರಿಗೆ ಅದನ್ನ ಹಂಗ ಹಚ್ಚಾಕ ಬರಂಗಿಲ್ಲ. ಆಪರೇಷನ್ ಆಗಂಗಿಲ್ಲ ಅಂದವರಿಗೇ ಎಸ್‌ಬಿಆರ್‌ಟಿ ಕೊಟ್ಟ ಅಧ್ಯಯನ 2010ರಾಗ ಬಂತು. 55 ಮಂದಿ, ಬರೇ 3 ಸರ್ತಿ ರೇಡಿಯೇಷನ್. ಮೂರು ವರ್ಷಕ್ಕ ಮೂಲ ಗಡ್ಡೆ ಹತೋಟ್ಯಾಗ ಇದ್ದದ್ದು ಶೇ. 97ರ ಮ್ಯಾಲೆ.

ಗಾಂಧಿಬಜಾರ್: ಅದರಲ್ಲೇ ಇನ್ನೊಂದು ಅಂಕಿ ಇದೆ, ಯಾಕೆ ಬಿಟ್ರಿ? ಮೂರು ವರ್ಷಕ್ಕೆ ಬದುಕಿದ್ದವರು ಶೇ. 56.

ಧಾರವಾಡದಾಂವ: ಕೆಲವರಿಗೆ ಬ್ಯಾರೆ ಕಡೆ ಹರಡಿತ್ತು, ಖರೆ. ಆದ್ರ ಅವರೆಲ್ಲ ಮೊದಲ ಹಾರ್ಟು, ಲಂಗ್ಸು ಕೆಟ್ಟವರು. ಗಡ್ಡೆ ಹೋದ್ರ ಸಿಒಪಿಡಿನೂ ಹೋಕ್ಕೇತೇನು?

ಪಿಎಫ್‌ಟಿ ಲತಾ: ನಾನು ಶ್ವಾಸಕೋಶ ಪರೀಕ್ಷೆಯ ಲ್ಯಾಬಿನಲ್ಲಿದ್ದೀನಿ. ಲೆಕ್ಕ ಹಾಕದೆ ಇಬ್ಬರೂ ಜಗಳ ಆಡ್ತಿದ್ದೀರಲ್ಲ! ಎರಡೂ ಶ್ವಾಸಕೋಶ ಸೇರಿ 19 ಭಾಗ ಅಂತ ಹಿಡೀತಾರೆ. ಬಲ ಮೇಲಿನ ಹಾಲೆಯಲ್ಲಿ 3. ಅಷ್ಟನ್ನೂ ತೆಗೆದರೆ 42 ಇದ್ದದ್ದು ಸುಮಾರು 35ಕ್ಕೆ ಇಳಿಯುತ್ತೆ, ಒಂದೇ ಭಾಗ ತೆಗೆದರೆ 40ರ ಹತ್ತಿರ. ತೆಗೆದ ಮೇಲೆ ಉಳಿಯೋದು 60ರ ಮೇಲಿದ್ದರೆ ನಿರಾಳ, 30ರ ಕೆಳಗೆ ಅಪಾಯ. ನಡುವೆ ಇದ್ದವರನ್ನು ಮೆಟ್ಟಿಲು ಹತ್ತಿಸಿ ನೋಡ್ತಾರೆ, 22 ಮೀಟರ್ ಎತ್ತರ. ಎಂಫಿಸೀಮಾದಿಂದ (ಗಾಳಿಚೀಲಗಳು ಒಡೆದು ಹಿಗ್ಗೋದು) ಕೆಟ್ಟಿರೋದು ಆ ಮೇಲಿನ ಹಾಲೆಯೇ ಆಗಿದ್ದರೆ, ತೆಗೆದ ಮೇಲೆ ಉಸಿರು ಲೆಕ್ಕಕ್ಕಿಂತ ಚೆನ್ನಾಗಿರೋದೂ ಉಂಟು. ಡಿಎಲ್‌ಸಿಒ, ಅಂದರೆ ಶ್ವಾಸಕೋಶದಿಂದ ರಕ್ತಕ್ಕೆ ಗಾಳಿ ದಾಟಿಸೋ ಶಕ್ತಿ, ಶೇಕಡಾ ಎಷ್ಟಿದೆ?

ಶಿರಸಿ ಅಕ್ಕ: ರೇಡಿಯೇಷನ್ ಅಂದ್ರೆ ಸಲೀಸು ಅಂದ್ಕೋಬೇಡಿ. ನಮ್ಮಮ್ಮನಿಗೆ ಅದಾಗಿ ಎರಡು ತಿಂಗಳಿಗೆ ಉಸಿರು ಕಟ್ಟಿ ಐಸಿಯು ಸೇರಿದ್ದರು. ಅಮ್ಮನಿಗೆ ಇದ್ದದ್ದು ಸಿಒಪಿಡಿ ಅಲ್ಲ, ಫೈಬ್ರೋಸಿಸ್ (ಶ್ವಾಸಕೋಶ ಕಲೆ ಕಟ್ಟಿ ಗಟ್ಟಿಯಾಗೋದು). ಸಿಟಿ ರಿಪೋರ್ಟಿನಲ್ಲೇ ಬರೆದಿತ್ತು, ಯಾರೂ ಅದನ್ನು ಎತ್ತಿ ಹೇಳಲಿಲ್ಲ.

ಪಿಎಫ್‌ಟಿ ಲತಾ: ಅಕ್ಕಾ, ಫೈಬ್ರೋಸಿಸ್‌ದೇ ಬೇರೆ ಕಥೆ. ಅದರಲ್ಲಿ ಆಪರೇಷನ್ ಆದ ಮೇಲೂ ಕಾಯಿಲೆ ಒಮ್ಮೆಲೇ ಕೆರಳಬಹುದು. ಸಕಲೇಶಪುರದವರೇ, ನಿಮ್ಮ ರಿಪೋರ್ಟಿನಲ್ಲಿ ಆ ಪದ ಇದೆಯಾ ನೋಡಿಬಿಡಿ.

ಸಕಲೇಶಪುರದ ಮಗ: ಇಲ್ಲ, ಎಂಫಿಸೀಮಾ ಅಂತಷ್ಟೇ ಇದೆ. ಡಿಎಲ್‌ಸಿಒ 38. ನಿನ್ನೆ ಮೆಟ್ಟಿಲು ಹತ್ತಿಸಿದರು. ಎರಡನೇ ಮಹಡಿ ಮುಟ್ಟೋ ಹೊತ್ತಿಗೆ ರೇಲಿಂಗ್ ಹಿಡಿದು ನಿಂತು, ಒಲೆ ಊದೋ ಹಾಗೆ ತುಟಿ ಕಿರಿದು ಮಾಡಿ ಉಸಿರು ಬಿಡ್ತಿದ್ದರು. ಬೆರಳಿನ ಮೀಟರ್ ರಕ್ತದ ಆಮ್ಲಜನಕ 86 ತೋರಿಸ್ತು. ಗುರುವಾರ ಮಾಸ್ಕ್ ಹಾಕಿ ಸೈಕಲ್ ತುಳಿಸ್ತಾರಂತೆ. ಬೀಡಿ ಬಿಟ್ಟು ಎಂಟು ದಿನ ಆಯ್ತು, ಊಟ ಆದ ತಕ್ಷಣ ಕೈ ಮಾತ್ರ ಅಂಗಿ ಜೇಬಿಗೇ ಹೋಗುತ್ತೆ.

ಪಿಎಫ್‌ಟಿ ಲತಾ: ಆ ಸೈಕಲ್ ಪರೀಕ್ಷೆಯೇ ಈಗ ಮುಖ್ಯ. ಒಂದು ಕಿಲೋ ತೂಕಕ್ಕೆ ನಿಮಿಷಕ್ಕೆ 10 ಮಿ.ಲೀ. ಆಮ್ಲಜನಕವನ್ನೂ ಬಳಸೋಕಾಗದಿದ್ದರೆ ಆಪರೇಷನ್ ತುಂಬಾ ಅಪಾಯ.

ಗಾಂಧಿಬಜಾರ್: 10ರ ಕೆಳಗೆ ಬಂದರೆ ನಾನೂ ರೇಡಿಯೇಷನ್ ಕಡೆಗೇ. ಮೇಲೆ ಬಂದರೆ ಧಾರವಾಡದವರೇ, ಶುಕ್ರವಾರ ಮತ್ತೆ ಇಲ್ಲೇ ಸಿಗೋಣ.