ಅತ್ತೆಯ ರೆಪ್ಪೆ, ಭಾವನ ಫಾರ್ವರ್ಡ್

ಸೋಮವಾರ ರಾತ್ರಿ ನಮ್ಮ ಕುಟುಂಬದ ಗುಂಪಿಗೆ ಸಾಗರದ ಭಾವ ಒಂದು ಫಾರ್ವರ್ಡ್ ಹಾಕಿದರು. ಸಂಜೆ ಹೊತ್ತು ರೆಪ್ಪೆ ಜೋತುಬಿದ್ದರೆ ಮೆದುಳಿನಲ್ಲಿ ಗೆಡ್ಡೆ ಗ್ಯಾರಂಟಿಯಂತೆ, ಹತ್ತು ಜನಕ್ಕೆ ಕಳಿಸಬೇಕಂತೆ. ಕೆಳಗೆ ಅವರದೇ ಸಾಲು: "ರತ್ನತ್ತೆಗೆ ದೀಪಾವಳಿಯಿಂದ ಹೀಗೇ ಆಗ್ತಿದೆ, ನಾನು ಆಗಲೇ ಹೇಳಿದ್ದೆ."

ಆ 'ಆಗಲೇ ಹೇಳಿದ್ದೆ' ಸಾಕಾಯಿತು.

ಮಂಜ: "ಯಾವ ಡಾಕ್ಟರ್ ಹೇಳಿದ್ದು? ಮಂಗನ ಕಾಯಿಲೆಗೆ ಸೊಪ್ಪಿನ ಕಷಾಯ ಸಾಕು ಅಂತ ಹಾಕಿದ್ದೂ ನೀವೇ ಅಲ್ವಾ ಭಾವ?"

ಭಾವ: "ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದ್ದು."

ದೊಡ್ಡಪ್ಪ: "ಎಲ್ಲಾ ಮೊಬೈಲ್ ನೋಡಿ ಬರೋದು. ನಾವು ಚಿಮಣಿ ಬೆಳಕಲ್ಲಿ ರಾತ್ರಿಯಿಡೀ ಅಡಿಕೆ ಸುಲಿದವರು, ಯಾರ ರೆಪ್ಪೆಯೂ ಬೀಳಲಿಲ್ಲ."

(ಮೆಟ್ಟುಗತ್ತಿ ಮುಂದೆ ಕೂತು ತೂಕಡಿಸುತ್ತಿದ್ದವರು ಅವರೇ ಅಂತ ಅಮ್ಮ ನನಗೊಬ್ಬಳಿಗೇ ಮೆಸೇಜ್ ಮಾಡಿದಳು.)

ನಾನು ಶಿವಮೊಗ್ಗದಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸದವಳು, ಸುಮ್ನಿರಲು ಆಗಲಿಲ್ಲ. ಉದ್ದಕ್ಕೆ ಬರೆದೆ: "ಗ್ಯಾರಂಟಿ ಏನಿಲ್ಲ. ಸಂಜೆ ಜಾಸ್ತಿಯಾಗಿ ಮಲಗೆದ್ದರೆ ಸರಿಹೋಗುವ ರೆಪ್ಪೆ ಅಂದರೆ ಮೊದಲು ನೆನಪಾಗುವುದು ಮಯಸ್ತೇನಿಯಾ, ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪದ ಕಾಯಿಲೆ. ರೆಪ್ಪೆ ಮೇಲೆ 2 ನಿಮಿಷ ಐಸ್ ಇಟ್ಟಾಗ 2 ಮಿಲಿಮೀಟರ್ ಮೇಲೆದ್ದರೆ ಅದೇ ಇರಬಹುದು. ಆದರೆ ಅಪರೂಪಕ್ಕೆ ಗೆಡ್ಡೆಯೂ ಥೇಟ್ ಹಾಗೇ ವೇಷ ಹಾಕುತ್ತದೆ, ಐಸ್ ಪರೀಕ್ಷೆಯೂ ಮೋಸ ಹೋಗಬಹುದು. ಕಣ್ಣಿಗೆ ಮಾತ್ರ ಬರುವ ಮಯಸ್ತೇನಿಯಾದಲ್ಲಿ ರಕ್ತ ಪರೀಕ್ಷೆಯೂ ಎಷ್ಟೋ ಸಲ ಏನೂ ತೋರಿಸುವುದಿಲ್ಲ. ಮಯಸ್ತೇನಿಯಾ ಪಾಪೆಯನ್ನು ಮುಟ್ಟುವುದಿಲ್ಲ. ಒಂದು ಪಾಪೆ ದೊಡ್ಡದಾಗಿದ್ದರೆ, ಹೊಸದಾಗಿ ತಲೆನೋವಿದ್ದರೆ, ಕಾಯದೆ ಎಂಆರ್‌ಐ ಮಾಡಿಸಬೇಕು. ಅತ್ತೆಯ ಪಾಪೆ ಯಾರಾದರೂ ನೋಡಿದ್ದೀರಾ?"

ದೊಡ್ಡಪ್ಪ ಕೈ ಮುಗಿದರು. ಬೇರೆ ಯಾರೂ ಓದಿದ ಹಾಗಿಲ್ಲ.

"ಅಡಿಕೆ ಅಂದ ಕೂಡಲೇ ನೆನಪಾಯ್ತು" ಅಂತ ಬೆಂಗಳೂರಿನ ಸುಧಾಕರ ತನ್ನ ಉಪನಯನದ ಫೋಟೋ ಹಾಕಿದ, 1998ರದ್ದು, ಅಂಗಳದ ಚಪ್ಪರದ ಕೆಳಗೆ ಎಲ್ಲರೂ. ಹಿಗ್ಗಿಸಿ ನೋಡಿದೆ. ಅತ್ತೆಯ ಎರಡೂ ರೆಪ್ಪೆ ಸಮ ಇದ್ದವು. ಹಳೆಯ ಫೋಟೋ ಇಂಥದ್ದಕ್ಕೇ ಬೇಕಾಗುವುದು, ಹುಟ್ಟಿನಿಂದ ಬಂದ ರೆಪ್ಪೆಯಲ್ಲ ಇದು.

ಅದನ್ನು ಬರೆಯುವಷ್ಟರಲ್ಲಿ ಹೊಸನಗರದ ಚಿಕ್ಕಮ್ಮ: "ಈ ಫೋಟೋದಲ್ಲಿ ನಾವಿಲ್ಲ. ಕರೆಯೋಕೆ ಮನೆಗೆ ಯಾರು ಬಂದಿದ್ದರು? ಬರೀ ಕಾಗದ ಬಂತು."

ದೊಡ್ಡಪ್ಪ: "ಹೊಳೆ ತುಂಬಿತ್ತು."

ಚಿಕ್ಕಮ್ಮ: "ಏಪ್ರಿಲ್‌ನಲ್ಲಿ ಎಂಥ ಹೊಳೆ?"

ಮುಂದಿನ ನಲವತ್ತು ಮೆಸೇಜ್ ಹೊಳೆಯದ್ದೇ.

ಹತ್ತೂವರೆಗೆ ರತ್ನತ್ತೆಯ ವಾಯ್ಸ್ ಮೆಸೇಜ್ ಬಂತು: "ಎಂಥ ಗಲಾಟೆ ಮಾರಾಯ್ರೆ? ಅಕ್ಷರ ಎಲ್ಲ ಎರಡೆರಡು ಕಾಣ್ತದೆ, ಓದೋಕಾಗ್ಲಿಲ್ಲ. ಒಂದು ಕಣ್ಣು ಮುಚ್ಚಿಕೊಂಡು ಸುಧಾಕರನ ಫೋಟೋ ಮಾತ್ರ ನೋಡಿದೆ."

ತಕ್ಷಣ ಮಂಜನಿಗೆ ಫೋನ್ ಮಾಡಿದೆ. ಬೆಳಿಗ್ಗೆ ಆರಕ್ಕೆ ಕಾರು ತರುತ್ತೇನೆ, ಭಾವನನ್ನು ಮಾತ್ರ ಕೂರಿಸಿಕೊಳ್ಳಲ್ಲ ಅಂದ.