ಹಣ ಕ್ಷಣದಲ್ಲಿ ಗಡಿ ದಾಟುತ್ತದೆ, ರಕ್ತಪರೀಕ್ಷೆಯ ವರದಿಗೇನು ಅಡ್ಡಿ?

ಪ್ರಶ್ನೆ: ಅಪ್ಪ ಅಮ್ಮ ವರ್ಷದಲ್ಲಿ ನಾಲ್ಕು ತಿಂಗಳು ಬೇರೆ ದೇಶದಲ್ಲಿ ಅಕ್ಕನ ಮನೆಯಲ್ಲಿರುತ್ತಾರೆ. ಪ್ರತಿ ಸಲವೂ ವೈದ್ಯಕೀಯ ವರದಿಗಳ ಫೈಲಿನ ಕಟ್ಟು ಹೊತ್ತು ಹೋಗಬೇಕು. ಆರೋಗ್ಯ ದಾಖಲೆ ಹಂಚಿಕೊಳ್ಳುವ ವಿಷಯದಲ್ಲಿ ದೇಶಗಳು ನಿಜಕ್ಕೂ ಕೈಜೋಡಿಸಿವೆಯೇ, ಅಥವಾ ಸಮ್ಮೇಳನ ನಡೆಸಿ ಫೋಟೊ ತೆಗೆಸಿಕೊಳ್ಳುತ್ತವೆಯೇ?

ಉತ್ತರ (ಆರೋಗ್ಯ ಮಾಹಿತಿ ಮಾನದಂಡಗಳ ಕೆಲಸದಲ್ಲಿರುವವರು): ಎರಡೂ ನಡೆಯುತ್ತಿವೆ. ವರದಿ ಕಳುಹಿಸುವುದು ಸುಲಭ, ಇಮೇಲ್ ಸಾಕು. ಕಷ್ಟವಿರುವುದು ಅದು ಆ ಕಡೆ ಅರ್ಥವಾಗುವುದರಲ್ಲಿ. ಒಂದು ಪ್ರಯೋಗಾಲಯ ರಕ್ತದ ಸಕ್ಕರೆ 126 ಎನ್ನುತ್ತದೆ, ಇನ್ನೊಂದು 7 ಎನ್ನುತ್ತದೆ. ಎರಡೂ ಒಂದೇ! ಮೊದಲನೆಯದು ಡೆಸಿಲೀಟರಿಗೆ ಮಿಲಿಗ್ರಾಂ, ಎರಡನೆಯದು ಲೀಟರಿಗೆ ಮಿಲಿಮೋಲ್. ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೋಫೆನ್ ಆಗುತ್ತದೆ. 04/05 ಎಂದರೆ ಏಪ್ರಿಲೋ ಮೇ ತಿಂಗಳೋ, ಓದುವವರು ಯಾವ ದೇಶದವರು ಎಂಬುದರ ಮೇಲಿದೆ.

ಹೀಗಾಗಿ ಸಹಕಾರದ ಬಹುಪಾಲು ನೀರಸವಾದ ಶಬ್ದಕೋಶದ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಸಂಕೇತಪಟ್ಟಿಯ 11ನೇ ಆವೃತ್ತಿ 2022ರಲ್ಲಿ ಜಾರಿಗೆ ಬಂದಿತು. ವೈದ್ಯಕೀಯ ಪದಗಳಿಗೆ ಸ್ನೋಮೆಡ್ ಎಂಬ ಪದಕೋಶವಿದೆ, ದತ್ತಾಂಶ ವಿನಿಮಯಕ್ಕೆ ಫೈರ್ ಎಂಬ ಮಾನದಂಡವಿದೆ. ರೋಗಿಯ ಅಲರ್ಜಿ, ಔಷಧ, ಸದ್ಯದ ಕಾಯಿಲೆಗಳನ್ನು ಚಿಕ್ಕದಾಗಿ ಹೇಳುವ ಅಂತರರಾಷ್ಟ್ರೀಯ ಸಾರಾಂಶಕ್ಕೆ 2021ರಲ್ಲಿ ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ) ಮಾನದಂಡವೂ ಬಂದಿತು. ನನ್ನ ಮಟ್ಟಿಗೆ ಎಲ್ಲ ಘೋಷಣೆಗಳಿಗಿಂತ ಈ ಸಾರಾಂಶವೇ ಹೆಚ್ಚು ಬೆಲೆಬಾಳುತ್ತದೆ.

ಇನ್ನೊಬ್ಬರ ಪ್ರಶ್ನೆ: ಹಾಗಾದರೆ ಎಲ್ಲರ ದಾಖಲೆಯೂ ವಿಶ್ವ ಆರೋಗ್ಯ ಸಂಸ್ಥೆಯ ಕಂಪ್ಯೂಟರಿಗೆ ಹೋಗುತ್ತದೆಯೇ?

ಉತ್ತರ: ಇಲ್ಲ. ಈ ಭಯ ಎಲ್ಲೆಡೆ ಇದೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯುರೋಪಿನ ಕೋವಿಡ್ ಪ್ರಮಾಣಪತ್ರದ ತಂತ್ರಜ್ಞಾನವನ್ನು ಆಧಾರವಾಗಿಟ್ಟುಕೊಂಡು ಆ ಸಂಸ್ಥೆ 2023ರಲ್ಲಿ ಜಾಗತಿಕ ಪ್ರಮಾಣೀಕರಣ ಜಾಲವೊಂದನ್ನು ಕಟ್ಟಿತು. ನಿಮ್ಮ ದೇಶ ತನ್ನ ಗುಟ್ಟಿನ ಕೀಲಿಯಿಂದ ಪತ್ರಕ್ಕೆ ಸಹಿ ಹಾಕುತ್ತದೆ. ಆ ಸಹಿಯನ್ನು ಪರೀಕ್ಷಿಸುವ ಸಾರ್ವಜನಿಕ ಕೀಲಿ ಮಾತ್ರ ಜಾಲದಲ್ಲಿ ಇರುತ್ತದೆ. ಮುದ್ರೆ ಅಸಲಿಯೇ ಎಂದು ನೋಡಲು ಮುದ್ರೆಯ ಮಾದರಿ ಸಾಕು, ಪತ್ರದ ನಕಲು ಬೇಡ.

ಮರುಪ್ರಶ್ನೆ: ಔಷಧದ ಚೀಟಿಯ ಮೇಲಿನ ಮುದ್ರೆ ಸರಿಯಿದ್ದರೆ ಅಲ್ಲಿನ ಅಂಗಡಿಯಲ್ಲಿ ಔಷಧ ಕೊಡುತ್ತಾರೆಯೇ?

ಉತ್ತರ: ಅದನ್ನು ಕಾನೂನು ಹೇಳಬೇಕು, ತಂತ್ರಜ್ಞಾನವಲ್ಲ. ಫಿನ್ಲೆಂಡಿನ ವೈದ್ಯರ ಇ-ಚೀಟಿಗೆ (ಡಿಜಿಟಲ್ ಔಷಧಚೀಟಿ) ಎಸ್ಟೋನಿಯಾದಲ್ಲಿ 2019ರ ಜನವರಿಯಿಂದ ಔಷಧ ಸಿಗುತ್ತಿದೆ. ಎರಡೂ ಕಡೆ ಅದನ್ನು ಒಪ್ಪುವ ನಿಯಮವಿತ್ತು. ಯುರೋಪಿಯನ್ ಒಕ್ಕೂಟದ ಆರೋಗ್ಯ ದತ್ತಾಂಶ ಕಾಯ್ದೆ 2025ರ ಮಾರ್ಚ್‌ನಲ್ಲಿ ಜಾರಿಗೆ ಬಂದಿದ್ದರೂ ಸಾರಾಂಶ ಮತ್ತು ಇ-ಚೀಟಿಯ ವಿನಿಮಯಕ್ಕೆ 2029ರವರೆಗೆ ಗಡುವು ಕೊಟ್ಟಿದೆ. ಒಂದೇ ಒಕ್ಕೂಟದೊಳಗೇ ಇಷ್ಟು ಸಮಯ ಬೇಕು! 2018ರ ಜಾಗತಿಕ ಡಿಜಿಟಲ್ ಆರೋಗ್ಯ ಸಹಭಾಗಿತ್ವ, 2023ರಲ್ಲಿ ಗಾಂಧಿನಗರದ ಜಿ20 ಸಭೆಯಲ್ಲಿ ಆರಂಭವಾದ ಜಾಗತಿಕ ಡಿಜಿಟಲ್ ಆರೋಗ್ಯ ಉಪಕ್ರಮ, ಇವು ಯಾರನ್ನೂ ಕಟ್ಟಿಹಾಕುವುದಿಲ್ಲ. ಅನುಭವ ಹಂಚಿಕೊಳ್ಳಲು ಒಳ್ಳೆಯ ವೇದಿಕೆಗಳು, ಅಷ್ಟೇ.

ಸದ್ಯಕ್ಕೆ ಒಂದು ಪುಟದಲ್ಲಿ ಔಷಧದ ಮೂಲ ಹೆಸರು, ಅಲರ್ಜಿ, ಅಳತೆಯ ಮಾನ ಬರೆದಿಡಿ. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆಯಿರಿ.

ಮೊದಲ ಪ್ರಶ್ನೆ ಕೇಳಿದವರು: ಅಮ್ಮನ ವರದಿಯ ಫೋಟೊ ಈಗಷ್ಟೇ ತೆರೆದು ನೋಡಿದೆ. ಸಕ್ಕರೆಯ ಎದುರು 6.8 ಎಂದಿದೆ. ಮಾನದ ಅಂಕಣ ಫೋಟೊದ ಅಂಚಿನಲ್ಲಿ ಕತ್ತರಿಸಿಹೋಗಿದೆ.