ಅಪ್‌ಡೇಟ್: ಅಪ್ಪನ ಜೊತೆ ಟೊಂಗರಿರೊ ಮುಗಿಸ್ಕೊಂಡು ಬಂದ್ವಿ

ಹೋದ ತಿಂಗಳು ಕೇಳಿದ್ನಲ್ಲ, ನ್ಯೂಜಿಲೆಂಡಿನ ಟೊಂಗರಿರೊ ಆಲ್ಪೈನ್ ಕ್ರಾಸಿಂಗ್ (ಜ್ವಾಲಾಮುಖಿ ಬೆಟ್ಟ ದಾಟೋ ಒಂದು ದಿನದ ಚಾರಣ) 61 ವರ್ಷದ ಅಪ್ಪನ ಜೊತೆ ಮಾಡಕ್ಕಾಗುತ್ತಾ, ಯಾವ ಕಡೆಯಿಂದ ಶುರು ಮಾಡ್ಬೇಕು ಅಂತ, ಮೊನ್ನೆ ಶನಿವಾರ ಮಾಡಿದ್ವಿ! ಶುಕ್ರವಾರಕ್ಕೆ ಬುಕ್ ಮಾಡಿದ್ದು, ಗಾಳಿ ಜೋರು ಅಂತ ಚಾರಣದ ಜಾಗಕ್ಕೆ ಬಿಡೋ ಶಟಲ್ ಬಸ್‌ನವರೇ ಕ್ಯಾನ್ಸಲ್ ಮಾಡಿದ್ರು, "ಒಂದಿನ ಎಕ್ಸ್‌ಟ್ರಾ ಇಟ್ಕೊಳ್ಳಿ" ಅಂದಿದ್ದವರಿಗೆ ತುಂಬಾ ಥ್ಯಾಂಕ್ಸ್, ಇಲ್ದಿದ್ರೆ ಹಾಗೇ ವಾಪಸ್ ಬರ್ಬೇಕಿತ್ತು.

ನೀವು ಹೇಳಿದ ಹಾಗೆ ಮಂಗಾಟೆಪೊಪೊ ಕಡೆಯಿಂದ್ಲೇ ಹೊರಟ್ವಿ, ಅದು ಸುಮಾರು 1120 ಮೀಟರ್ ಎತ್ತರದಲ್ಲಿದೆ, ಮುಗಿಯೋ ಕೆಟೆಟಾಹಿ 760, ಹಾಗಾಗಿ ಹತ್ತೋದು ಕಮ್ಮಿ. ಸುಮಾರು 20 ಕಿಮೀ, ನಮಗೆ ಎಂಟೂವರೆ ಗಂಟೆ ಹಿಡೀತು. ಡೆವಿಲ್ಸ್ ಸ್ಟೇರ್‌ಕೇಸ್ ಅನ್ನೋ ಕಡಿದಾದ ಏರಿನ ಬಗ್ಗೆ ಎಲ್ರೂ ಹೆದರಿಸಿದ್ರು, ಮೆಟ್ಟಿಲಿದೆ, ನಿಂತು ನಿಂತು ಹತ್ತಬಹುದು.

ನಿಜವಾದ ಕಷ್ಟ ಇಳಿಯೋದ್ರಲ್ಲಿ. ರೆಡ್ ಕ್ರೇಟರ್ ಅನ್ನೋ ಜ್ವಾಲಾಮುಖಿ ಬಾಯಿಯ ಮೇಲಿಂದ ಎಮರಾಲ್ಡ್ ಲೇಕ್ಸ್ ಅನ್ನೋ ಕೆರೆಗಳ ಕಡೆ ಪೂರ್ತಿ ಸಡಿಲ ಜಲ್ಲಿ, ಕಾಲಿಟ್ರೆ ಜಾರ್ಕೊಂಡೇ ಹೋಗುತ್ತೆ, ಅಪ್ಪ ಕೋಲು ಊರ್ಕೊಂಡು ಹಿಮ್ಮಡಿ ಒತ್ತಿ ಒತ್ತಿ ಇಳಿದ್ರು, ಕೆಳಗೆ ಕೂತು ಶೂ ಬಿಚ್ಚಿದ್ರೆ ಒಂದು ಹಿಡಿ ಕಲ್ಲುಪುಡಿ. ಪಕ್ಕದಲ್ಲೇ ನೆಲದಿಂದ ಹಬೆ, ಗಂಧಕದ ವಾಸನೆ. ಆ ಹಸಿರು ನೀರು ನೋಡಿ ಇಬ್ರಿಗೂ ಮಾತೇ ಬರ್ಲಿಲ್ಲ. ಅಲ್ಲಿನ ಮೂಲನಿವಾಸಿ ಮಾವೋರಿ ಜನಕ್ಕೆ ಆ ಕೆರೆಗಳು ಪವಿತ್ರ, ನೀರು ಮುಟ್ಟಬಾರ್ದು, ಅಪ್ಪ ದೂರದಿಂದ್ಲೇ ಕೈ ಮುಗಿದ್ರು.

ಹೋಗೋರು ನೀರು ಮಾತ್ರ ಮರೀಬೇಡಿ, ದಾರೀಲಿ ಕುಡಿಯೋ ನೀರು ಸಿಗಲ್ಲ, ನಾವು ತಲಾ ಮೂರು ಲೀಟರ್ ಒಯ್ದಿದ್ವಿ, ಕೆಟೆಟಾಹಿ ಮುಟ್ಟೋಷ್ಟರಲ್ಲಿ ಬಾಟ್ಲಿ ಖಾಲಿ.